ಅವರು ಕೊಡುತ್ತಿದ್ದ ಐದೂವರೆ

ಹೋದ ತಿಂಗಳವರೆಗೆ ನನ್ನ ಶ್ರುತಿ ಐದೂವರೆ ಮನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಸಂಗೀತದ ಗಂಧಗಾಳಿ ಇಲ್ಲದವರಿಗೆ ಇಷ್ಟು ಗೊತ್ತಾದರೆ ಸಾಕು: ಹಾರ್ಮೋನಿಯಂನಲ್ಲಿ ಬೆರಳಿಂದ ಒತ್ತುವ ಒಂದೊಂದು ಪಟ್ಟಿಯೂ ಒಂದು ಮನೆ, ಯಾವ ಮನೆಯನ್ನು ಷಡ್ಜವಾಗಿ, ಅಂದರೆ ‘ಸ’ ಆಗಿ ಹಿಡಿದು ಹಾಡುತ್ತೀರೋ ಅದು ನಿಮ್ಮ ಶ್ರುತಿ. ಮನೆ ಮೇಲೆ ಹೋದಷ್ಟೂ ಗಂಟಲೂ ಮೇಲೆ ಏರಬೇಕು. ವಯಸ್ಸಾದಂತೆ ಹಾಡುವವರೆಲ್ಲ ಅರ್ಧರ್ಧ ಮನೆ ಇಳಿಸಿಕೊಳ್ಳುತ್ತಾರೆ, ಬೇರೆ ದಾರಿ ಇಲ್ಲ. ನಾನು ಮಾತ್ರ ಇಳಿಸಿರಲಿಲ್ಲ. ಅರವತ್ತು ದಾಟಿತು, ಥೈರಾಯ್ಡ್ ಆಪರೇಷನ್ ಆಯಿತು, ಶ್ರುತಿ ಐದೂವರೆಯೇ. ಪಾಠಕ್ಕೆ ಬರುವ ಹೆಣ್ಣುಮಕ್ಕಳು ನೆಗಡಿ ಕೆಮ್ಮು ಎಂದು ಮುಲುಗಿದರೆ ನನ್ನನ್ನೇ ಉದಾಹರಣೆ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದೆ.

ಆ ಜಂಬ ಇಳಿದದ್ದು ತ್ಯಾಗರಾಜನಗರದ ನಮ್ಮ ಮನೆಯ ಹಾಲಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ. ನಮ್ಮ ಕೀಬೋರ್ಡ್ ಸಾರ್ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲವಂತೆ. ಅವರ ಚರ್ಚಿನಲ್ಲಿ ನೆನಪಿನ ಪ್ರಾರ್ಥನೆ ಇಟ್ಟುಕೊಂಡಿದ್ದರು. ಅವರಿಗೆ ಇಷ್ಟವಾದ ಹಾಡೊಂದನ್ನು ನಾನು ಹಾಡಲೇಬೇಕೆಂದು ಅವರ ಹೆಂಡತಿ ಗ್ರೇಸಮ್ಮ ಫೋನ್ ಮಾಡಿ ಕೇಳಿಕೊಂಡಿದ್ದರು. ಅದರ ಪ್ರಾಕ್ಟೀಸಿಗೆಂದು ತಬಲಾ ನುಡಿಸುವ ಶ್ರೀಧರ, ದೀಪಾ ಎಂಬ ಹೊಸ ಕೀಬೋರ್ಡ್ ಕಲಾವಿದೆಯನ್ನು ಕರೆದುಕೊಂಡು ಬಂದಿದ್ದ. ಶ್ರೀಧರ ನನ್ನ ಕಛೇರಿಗಳಲ್ಲಿ ಸಾರ್‌ನಷ್ಟೇ ಹಳಬ.

ಶ್ರುತಿ ಎಷ್ಟು ಮೇಡಂ ಎಂದು ದೀಪಾ ಕೇಳಿದಳು. ಐದೂವರೆ ಎಂದೆ. ಶ್ರೀಧರ ಯಾಕೋ ಕೆಮ್ಮಿದ. ಪಲ್ಲವಿ ಹೇಗೋ ದಾಟಿತು. ಚರಣದಲ್ಲಿ ಮೇಲಿನ ಷಡ್ಜಕ್ಕೆ ಏರುವ ಸಾಲು ಬಂದಾಗ ದನಿ ಒಡೆದು ಹೋಯಿತು. ಬಿಸಿನೀರು ಕುಡಿದು ಮತ್ತೆ ಹಾಡಿದೆ, ಮತ್ತೆ ಒಡೆಯಿತು. ನಿನ್ನ ಕೀಬೋರ್ಡ್ ಸರಿಯಿಲ್ಲ ಕಣಮ್ಮ ಎಂದು ರೇಗಿದೆ. ಪಾಪ, ಅವಳು ಫೋನಿನಲ್ಲಿ ಶ್ರುತಿ ಹಾಕಿ ಕೀಬೋರ್ಡಿನ ಪಕ್ಕದಲ್ಲಿಟ್ಟಳು. ಎರಡೂ ಒಂದೇ. ಶ್ರೀಧರನತ್ತ ನೋಡಿದೆ. ಅವನು ತಬಲಾ ಶ್ರುತಿ ಮಾಡಿಕೊಂಡೇ ಇರಲಿಲ್ಲ. ಸುತ್ತಿಗೆ ಕೈಯಲ್ಲಿ ಹಿಡಿದು ನೆಲ ನೋಡುತ್ತ ಕೂತಿದ್ದ.

“ಮೇಡಂ, ಹೋದ ಪ್ರೋಗ್ರಾಮಲ್ಲಿ ನಾವು ನುಡಿಸಿದ್ದು ಐದೂವರೆ ಅಲ್ಲ,” ಎಂದ. “ನಾಲ್ಕೂವರೆ.”

“ಯಾರೋ ಇಳಿಸಿದ್ದು?”

“ಸಾರ್. ನಿಮ್ಮ ಆಪರೇಷನ್ ಆದ್ಮೇಲೆ ಮೊದ್ಲು ಐದಕ್ಕೆ ಇಳಿಸಿದ್ರು. ಆಮೇಲೆ ನಾಲ್ಕೂವರೆಗೆ. ನಿಮಗೆ ಹೇಳಿದ್ರೆ ನನ್ನ ಮೇಲಾಣೆ ಅಂದಿದ್ರು ಮೇಡಂ.”

ಶಿವನೇ! ಸಾರ್ ಸಾವಿನ ಸುದ್ದಿಯೂ ನನ್ನನ್ನು ಹೀಗೆ ಅಲ್ಲಾಡಿಸಿರಲಿಲ್ಲ. ಸಾವು ಎಲ್ಲರ ಮನೆಗೂ ಬರುತ್ತದೆ ಎಂದು ಹೇಗೋ ಸಮಾಧಾನ ಮಾಡಿಕೊಂಡಿದ್ದೆ. ಇದು ಯಾರ ಮನೆಗಾದರೂ ಬರುವಂಥದ್ದೇ? ನಾನು ಇಷ್ಟು ವರ್ಷ ಯಾವ ಗಂಟಲಿನಲ್ಲಿ ಹಾಡುತ್ತಿದ್ದೇನೆ ಎಂಬುದು ನನ್ನೊಬ್ಬಳನ್ನು ಬಿಟ್ಟು ವೇದಿಕೆಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊಳಲಿನವರು ಬೇರೆ ಕೊಳಲು ತೆಗೆಯುತ್ತಿದ್ದರಂತೆ, ಶ್ರೀಧರ ಬೇರೆ ತಬಲಾ ತರುತ್ತಿದ್ದನಂತೆ. ಇಬ್ಬರಿಗೂ ಹೊರಡಿ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಮಾಡಿಟ್ಟಿದ್ದ ಉಪ್ಪಿಟ್ಟು ಹಾಗೇ ಉಳಿಯಿತು.

ಈ ಮಹಾನುಭಾವ ಯಾರೆಂದು ಈಗ ಹೇಳಲೇಬೇಕು. ಜೆ.ಪಿ. ನಗರದಲ್ಲಿ, ಸಾರಕ್ಕಿ ಸಿಗ್ನಲ್ಲಿನ ಗಲಾಟೆ ಕೇಳಿಸುವಷ್ಟು ಹತ್ತಿರ ಅವರ ಮನೆ. ಆ ಹಾರನ್ನುಗಳಲ್ಲಿ ಯಾವುದು ಯಾವ ಸ್ವರ ಎಂದು ಹೇಳಬಲ್ಲ ಮನುಷ್ಯ. ತೆಳ್ಳಗೆ ಉದ್ದಕ್ಕೆ ಇದ್ದರು, ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಸದಾ ಒಂದು ಪುಟ್ಟ ಸ್ಕ್ರೂಡ್ರೈವರ್. ನಮ್ಮ ಬಳಗದವರೆಲ್ಲ ಅವರನ್ನು ಕೀಬೋರ್ಡ್ ಸಾರ್ ಎನ್ನುತ್ತಿದ್ದೆವು. ಅವರು ನಿಜವಾಗಿ ಏನು ಎನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ.

ಅವರು ಆರ್ಗನ್ ಕಲಾವಿದರು. ಕಂಟೋನ್ಮೆಂಟ್ ಕಡೆಯ ಹಳೆಯ ಚರ್ಚಿನಲ್ಲಿ ಗೋಡೆಯಷ್ಟು ಎತ್ತರಕ್ಕೆ ಕೊಳವೆಗಳನ್ನು ನಿಲ್ಲಿಸಿದ ವಾದ್ಯ ಒಂದಿದೆ. ಗಾಳಿ ತುಂಬಿ ಆ ಕೊಳವೆಗಳಿಂದ ನಾದ ಹೊರಡುತ್ತದೆ. ಸಣ್ಣ ವಯಸ್ಸಿನಿಂದ ಅದನ್ನು ನುಡಿಸಿ, ದೊಡ್ಡ ಪರೀಕ್ಷೆಗಳನ್ನು ಪಾಸು ಮಾಡಿ, ಮದ್ರಾಸು ಕಲ್ಕತ್ತೆಗಳಲ್ಲಿ, ಹೊರದೇಶದ ಚರ್ಚುಗಳಲ್ಲೂ ಒಂಟಿಯಾಗಿ ಕಛೇರಿ ಕೊಟ್ಟವರು. ಆದರೆ ಅಂಥ ವಾದ್ಯ ನಮ್ಮ ಕಡೆ ಎಷ್ಟಿವೆ, ಕೇಳುವವರು ಎಷ್ಟು ಜನ? ಹೀಗಾಗಿ ಉಳಿದ ದಿನಗಳಲ್ಲಿ ಬೇರೆಯವರಿಗೆ ಪಕ್ಕವಾದ್ಯ. ಪಿಟೀಲು ಪರೀಕ್ಷೆಗೆ ಕೂರುವ ಮಕ್ಕಳಿಗೆ ಪಿಯಾನೋ, ಪರದೇಶದಿಂದ ಬರುವ ಗಾಯಕರಿಗೆ ಪಿಯಾನೋ, ನಮ್ಮಂಥ ಭಾವಗೀತೆಯವರಿಗೆ ಕೀಬೋರ್ಡು. “ಆರ್ಗನ್ ನಮ್ಮ ಹತ್ರ ಬರಲ್ಲ ಮೇಡಂ, ನಾವೇ ಅದರ ಹತ್ರ ಹೋಗ್ಬೇಕು. ಇದಾದ್ರೆ ಆಟೋದಲ್ಲಿ ಬರುತ್ತೆ,” ಎನ್ನುತ್ತಿದ್ದರು.

ಒಮ್ಮೆ ಅವರ ಆರ್ಗನ್ ಕಛೇರಿಗೆ ನನ್ನನ್ನೂ ಕರೆದಿದ್ದರು. ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಮೊದಲ ಸ್ವರಕ್ಕೇ ಬೆಂಚು ನಡುಗಿತು. ಅದಕ್ಕಿಂತ ಬೆಚ್ಚಿಬಿದ್ದದ್ದು ಅವರ ಕಾಲು ನೋಡಿ. ತೆಳು ಅಡಿಯ ಕಪ್ಪು ಶೂ ಹಾಕಿಕೊಂಡು, ಕೆಳಗೆ ಸಾಲಾಗಿದ್ದ ಮರದ ಮನೆಗಳನ್ನು ಕಾಲಿನಲ್ಲಿ ತುಳಿಯುತ್ತಿದ್ದಾರೆ! ಅಯ್ಯೋ, ತಂಬೂರಿಗೆ ಸೀರೆಯ ಸೆರಗು ತಗುಲಿದರೂ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಸರಸ್ವತಿಯನ್ನು ಕಾಲಲ್ಲಿ ಮುಟ್ಟುವುದೇ? ಕಛೇರಿ ಮುಗಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ಶೂಗಳನ್ನು ಬಟ್ಟೆಯಲ್ಲಿ ಒರೆಸಿ, ಒಂದು ಖಾದಿ ಚೀಲಕ್ಕೆ ಹಾಕುತ್ತ ನಕ್ಕರು.

“ಈ ಶೂ ರಸ್ತೆ ಮುಟ್ಟಿಲ್ಲ ಮೇಡಂ. ಕೈಗೆ ಇರೋ ಭಕ್ತಿ ಕಾಲಿಗೂ ಇರುತ್ತೆ,” ಎಂದರು.

ಆಮೇಲೆ ಗಮನಿಸಿದೆ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟು ಕಾಲು ತೊಳೆದೇ ಕೀಬೋರ್ಡಿನ ಮುಂದೆ ಕೂರುತ್ತಿದ್ದರು. ಕೈ ಮೇಲೆ ನುಡಿಸುತ್ತಿದ್ದರೆ, ಕಾಲು ಕೆಳಗೆ ಬರಿ ನೆಲದ ಮೇಲೆ ತನ್ನ ಪಾಡಿಗೆ ಓಡಾಡುತ್ತಿತ್ತು. ಯಾರಿಗೂ ಕೇಳಿಸದ ಆರ್ಗನ್ ಅದು. ಎಷ್ಟೋ ಸಲ ನಾನು ಹಾಡುವುದನ್ನು ಬಿಟ್ಟು ಅವರ ಕಾಲನ್ನೇ ನೋಡುತ್ತಿದ್ದೆ.

ಆರ್ಗನ್ ರಿಪೇರಿಗೂ ಅವರೇ. ಆ ವಾದ್ಯದ ಹೊಟ್ಟೆಯೊಳಗೆ ಹೋಗಿ ಒಂದೊಂದೇ ಕೊಳವೆಯನ್ನು ತಟ್ಟಿ ಶ್ರುತಿಗೆ ತಂದು, ತಲೆ ತುಂಬ ಜೇಡರ ಬಲೆ ಹೊತ್ತುಕೊಂಡು ಹೊರಗೆ ಬರುತ್ತಿದ್ದರಂತೆ. ಆ ಚಾಳಿ ನಮ್ಮ ಮನೆಗೂ ಬಂತು. ನನ್ನ ಹತ್ತಿರ ಹಳೆಯ ಕಾಲದ ಒಂದು ಶ್ರುತಿ ಪೆಟ್ಟಿಗೆ ಇದೆ. ಮುಂದೆ ಒಂದು ಗುಂಡಿ, ಸುತ್ತ ಮನೆಗಳ ಗುರುತು. ಗುಂಡಿ ಎಲ್ಲಿ ನಿಲ್ಲಿಸುತ್ತೀರೋ ಆ ಶ್ರುತಿ ಮೊಳಗುತ್ತದೆ. ಸಾರ್ ಆಗಾಗ ಅದನ್ನು ಸರ್ವೀಸ್ ಮಾಡಿಕೊಡುತ್ತೇನೆಂದು ತಾವೇ ಒಯ್ಯುತ್ತಿದ್ದರು. ದೂಳು ಕೂತಿದೆ, ಒಳಗೆ ತಂತಿ ಸಡಿಲ ಆಗಿದೆ ಎಂದು ಏನೋ ಒಂದು ನೆವ. ಈಚೆಗೆ ಎಲ್ಲರೂ ಫೋನಿನಲ್ಲೇ ಶ್ರುತಿ ಹಾಕಿಕೊಳ್ಳುತ್ತಾರಲ್ಲ, ನನಗೂ ಹಾಕಿಕೊಡಿ ಎಂದಿದ್ದೆ. ಆ ಸೌಮ್ಯ ಮನುಷ್ಯ ಅವತ್ತು ಗಟ್ಟಿಯಾಗಿ ಬೇಡ ಎಂದುಬಿಟ್ಟರು. ಅದಕ್ಕೆ ಜೀವ ಇಲ್ಲ, ನಿಮ್ಮ ಪೆಟ್ಟಿಗೇನೇ ಇರಲಿ ಎಂದರು. ಎಷ್ಟು ಶುದ್ಧ ಕಲಾವಿದ ಎಂದು ನಾನು ಹೋದಲ್ಲಿ ಬಂದಲ್ಲಿ ಹೊಗಳಿದೆ.

ಇನ್ನೊಂದು ಹೊಗಳಿಕೆಯೂ ಇತ್ತು. ಈಗಿನ ಕೀಬೋರ್ಡುಗಳಲ್ಲಿ ಒಂದು ಬಟನ್ ಒತ್ತಿದರೆ ಶ್ರುತಿ ತಾನಾಗಿ ಏರುತ್ತದೆ, ಇಳಿಯುತ್ತದೆ, ಎಷ್ಟು ಎಂದು ಸ್ಕ್ರೀನಿನ ಮೇಲೆ ಕಾಣುತ್ತದೆ. ಹುಡುಗರೆಲ್ಲ ಅದನ್ನೇ ಒತ್ತುತ್ತಾರೆ. ನಮ್ಮ ಸಾರ್ ಮಾತ್ರ ಆ ಬಟನ್ ಮುಟ್ಟುವವರಲ್ಲ, ಯಾವ ಶ್ರುತಿಗಾದರೂ ಬೆರಳಿನಲ್ಲೇ ನುಡಿಸುವವರು. ಇದನ್ನೂ ನಾನು ಮೈಕಿನಲ್ಲಿ ಹೇಳಿ ಚಪ್ಪಾಳೆ ಹೊಡೆಸಿದ್ದೇನೆ. ಬಟನ್ ಒತ್ತಿದರೆ ಸ್ಕ್ರೀನಿನ ಮೇಲೆ ಅಂಕಿ ಬರುತ್ತದೆ, ಅದು ನನ್ನ ಕಣ್ಣಿಗೆ ಬೀಳುತ್ತದೆ ಎಂಬುದು ನನಗೆ ಹೊಳೆದದ್ದು ಆ ಭಾನುವಾರ ಬಾಗಿಲು ಹಾಕಿಕೊಂಡು ಕೂತಾಗ.

ಹಾಗೆ ಕೂತಾಗ ಒಂದೊಂದಾಗಿ ಎಲ್ಲ ನೆನಪಾಗತೊಡಗಿತು. ಜಯನಗರದಲ್ಲಿ ಒಂದು ರಾಜ್ಯೋತ್ಸವದ ಕಾರ್ಯಕ್ರಮ. ಮುಗಿದ ಮೇಲೆ ರಿಟೈರ್ಡ್ ಇಂಜಿನಿಯರ್ ಒಬ್ಬರು ವೇದಿಕೆ ಹತ್ತಿರ ಬಂದು, ಮೇಡಂ ನಿಮ್ಮ ಶ್ರುತಿ ಇವತ್ತು ಎಂದು ಏನೋ ಶುರುಮಾಡಿದರು. ಸಾರ್ ಎಲ್ಲಿದ್ದರೋ, ಬಂದವರೇ ಅವರ ಹೆಗಲ ಮೇಲೆ ಕೈಹಾಕಿ, ಬಿಸಿಬೇಳೆ ಬಾತ್ ಖಾಲಿ ಆಗ್ತಿದೆ ಬನ್ನಿ ಎಂದು ಎಳೆದುಕೊಂಡೇ ಹೋದರು. ಇಷ್ಟು ಹಸಿವೇ ಈ ಮನುಷ್ಯನಿಗೆ ಎಂದು ನಾನು ನಕ್ಕಿದ್ದೆ.

ಡಿಸೆಂಬರ್ ಬಂದರೆ ಚರ್ಚಿನ ಕೆಲಸದಿಂದ ಅವರಿಗೆ ಪುರುಸೊತ್ತಿರುತ್ತಿರಲಿಲ್ಲ. ಆದರೂ ಬೇರೆ ಯಾರನ್ನೂ ನನ್ನ ಹತ್ತಿರ ಕಳಿಸುತ್ತಿರಲಿಲ್ಲ. ಜನವರಿಗೆ ಇಟ್ಟುಕೊಳ್ಳಿ ಮೇಡಂ, ಬೇರೆಯವರಿಗೆ ನಿಮ್ಮ ಹಾಡು ಹೊಂದಲ್ಲ ಎನ್ನುವರು. ನಾನು ಅದನ್ನೂ ಅಭಿಮಾನ ಎಂದುಕೊಂಡೆ.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆಪರೇಷನ್ ಆದ ಮೇಲಿನ ಮೊದಲ ದಿನ. ಥೈರಾಯ್ಡ್ ತೆಗೆಯುವಾಗ ದನಿಗೆ ಪೆಟ್ಟಾಗಬಹುದು, ಮೇಲಿನ ಸ್ವರಗಳು ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಾತು ಬಂತು. ಹಾಡಲು ಧೈರ್ಯ ಬರಲಿಲ್ಲ. ತಿಂಗಳುಗಟ್ಟಲೆ ಶ್ರುತಿ ಪೆಟ್ಟಿಗೆ ಮುಟ್ಟಲಿಲ್ಲ. ಒಂದು ಸಂಜೆ ಸಾರ್ ಶ್ರೀಧರನೊಂದಿಗೆ ಬಂದು, ಒಂದೇ ಒಂದು ಹಾಡು, ಬರದಿದ್ದರೆ ಕಾಫಿ ಕುಡಿದು ಹೋಗ್ತೀವಿ ಎಂದರು. ಐದೂವರೆ ಕೊಡಿ ಎಂದೆ. ಕೊಟ್ಟರು. ಕಣ್ಣು ಮುಚ್ಚಿ ಹಾಡಿದೆ. ಮೇಲಿನ ಷಡ್ಜ ಅಡ್ಡಿಯಿಲ್ಲದೆ ಬಂತು! ನನ್ನ ದನಿ ಹಾಗೇ ಇದೆ ಸಾರ್, ಹಾಗೇ ಇದೆ ಎಂದು ಮಗುವಿನ ಹಾಗೆ ಅತ್ತೆ. ಇದೆ ಮೇಡಂ ಎಂದರು, ಅಷ್ಟೇ. ಆ ಸಂಜೆ ನಾನು ಬೀದಿಯವರಿಗೆಲ್ಲ ಮೈಸೂರ್ ಪಾಕ್ ಹಂಚಿದೆ. ಆ ಐದೂವರೆ ಐದು ಆಗಿತ್ತು.

ಮರುದಿನ ಬೆಳಿಗ್ಗೆ ಆಟೋ ಹತ್ತಿ ಜೆ.ಪಿ. ನಗರಕ್ಕೆ ಹೋದೆ. ಸತ್ತವರ ಮೇಲೆ ಜಗಳ ಆಡಲು ಆಗುವುದಿಲ್ಲ, ಹೆಂಡತಿಯ ಮೇಲಾದರೂ ಆಡೋಣ ಎಂದೇ ಹೋದದ್ದು. ಗ್ರೇಸಮ್ಮ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡರು. ಶ್ರೀಧರ ರಾತ್ರಿಯೇ ಫೋನ್ ಮಾಡಿದ್ದನಂತೆ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನನ್ನು ಕುಣಿಸಿದರು, ಸುಳ್ಳು ಚಪ್ಪಾಳೆ ಹೊಡೆಸಿದರು, ನನ್ನ ಶಿಷ್ಯೆಯರ ಮುಂದೆ ನನ್ನನ್ನು ಮಂಗ ಮಾಡಿದರು ಎಂದೆ. ಆಕೆ ಕಾಫಿ ತಂದಿಟ್ಟರು.

“ನಾನೂ ಹೇಳಿದ್ದೆ ಅಕ್ಕ, ಇದು ತಪ್ಪು, ಅವರಿಗೆ ಹೇಳಿಬಿಡಿ ಅಂತ,” ಎಂದರು. “ಅದಕ್ಕೆ ಇವ್ರು, ಆಯಮ್ಮ ಆಣೆ ಮಾಡಿಬಿಟ್ಟಿದಾರೆ ಗ್ರೇಸಿ, ಹೇಳಿದ್ರೆ ನಾಳೆಯಿಂದ ಹಾಡಲ್ಲ ಅಂದ್ರು. ಪಾಪ ಬಂದ್ರೆ ನನಗೇ ಬರಲಿ ಅಂದ್ರು.”

ಆಣೆ! ಅದು ನನಗೆ ಮರೆತೇ ಹೋಗಿತ್ತೆಂದರೆ ಸುಳ್ಳಾಗುತ್ತದೆ. ಆದರೆ ಅವರು ಅದನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರೆಂದು ತಿಳಿದಿರಲಿಲ್ಲ. ಎಷ್ಟೋ ವರ್ಷದ ಹಿಂದೆ ನಮ್ಮ ಪಕ್ಕದ ಶ್ರೀನಗರದ ಒಂದು ರಾಮನವಮಿ ಪೆಂಡಾಲಿನಲ್ಲಿ ನಮಗಿಂತ ಮೊದಲು ಹಿರಿಯ ಗಾಯಕಿಯೊಬ್ಬರು ಹಾಡಿದ್ದರು. ಶ್ರುತಿಯನ್ನು ಪೂರ್ತಿ ಕೆಳಗೆ ಇಳಿಸಿದ್ದರು. ಪಾನಕ ಕುಡಿಯುತ್ತ ನಾನು ಎಲ್ಲರೆದುರು, ಹೀಗೆ ಶ್ರುತಿ ಇಳಿಸಿ ಹಾಡುವುದಕ್ಕಿಂತ ಮನೆಯಲ್ಲಿ ಹುರಿಗಾಳು ಹುರಿದುಕೊಂಡಿರಬಹುದು, ಐದೂವರೆ ನನ್ನ ಗುರುಗಳು ಕೊಟ್ಟ ಶ್ರುತಿ, ಅದನ್ನು ಇಳಿಸಿದ ದಿನ ಹಾಡುವುದು ಬಿಡುತ್ತೇನೆ, ಅವರಾಣೆ ಎಂದಿದ್ದೆ. ಹೌದಾ ಮೇಡಂ ಎಂದು ಸಾರ್ ಒಂದು ಸಲ ನನ್ನನ್ನು ನೋಡಿದ್ದರು. ಆಮೇಲೆ ಕೋಸಂಬರಿಯ ದೊನ್ನೆಗೆ ಕೈಹಾಕಿದ್ದರು.

ನನ್ನ ದನಿ ಇಳಿದದ್ದು ಹೇಗೆ ಗೊತ್ತಾಗುತ್ತಿತ್ತು ಅವರಿಗೆ ಎಂದು ಕೇಳಿದೆ. ಗ್ರೇಸಮ್ಮ ಹೇಳಿದ್ದು ನಾನೇ ಸಾರ್ ಬಾಯಲ್ಲಿ ನೂರು ಸಲ ಕೇಳಿದ ಮಾತು: ನಾನು ಹಾಡು ಕೇಳಲ್ಲ, ಉಸಿರು ಕೇಳ್ತೀನಿ. ಮೇಲಿನ ಸ್ವರಕ್ಕೆ ಮುಂಚೆ ನಾನು ಎಳೆದುಕೊಳ್ಳುವ ಉಸಿರು ಬದಲಾದರೆ ಮನೆಗೆ ಬಂದು ಚಿಂತೆ ಮಾಡುತ್ತಿದ್ದರಂತೆ. ಆಮೇಲೆ ಪೆಟ್ಟಿಗೆ ತಂದು ಆ ಗುಂಡಿಯನ್ನು ಕಳಚಿ, ಒಳಗಿನ ಕಡ್ಡಿಯನ್ನು ಅರ್ಧ ಮನೆ ಹಿಂದಕ್ಕೆ ತಿರುಗಿಸಿ, ಗುಂಡಿಯನ್ನು ಮೊದಲಿನ ಗುರುತಿಗೇ ಮತ್ತೆ ಕೂರಿಸುತ್ತಿದ್ದರಂತೆ. ಗುರುತು ಐದೂವರೆಯನ್ನೇ ತೋರಿಸುತ್ತಿತ್ತು, ಮೊಳಗುತ್ತಿದ್ದದ್ದು ಬೇರೆ. ಪೆಟ್ಟಿಗೆ ಈಗಲೂ ಅವರ ಮೇಜಿನ ಮೇಲಿದೆ, ಹೋಗುವ ಹಿಂದಿನ ವಾರ ಸರ್ವೀಸಿಗೆ ತಂದಿದ್ದರು, ತಗೊಂಡು ಹೋಗಿ ಅಕ್ಕ ಎಂದರು. ಇಟ್ಕೊಳ್ಳಿ ಅದನ್ನು, ನನಗ್ಯಾಕೆ ಎಂದು ಎದ್ದು ಬಂದೆ. ಚರ್ಚಿಗೆ ಬರುತ್ತೇನೆ, ಹಾಡುವುದಿಲ್ಲ ಎಂದೂ ಹೇಳಿದೆ. ಆಣೆ ಎಂದರೆ ಆಣೆ. ಗೊತ್ತಿಲ್ಲದೆ ಮುರಿದದ್ದು ಅವರ ಪಾಪ, ಗೊತ್ತಿದ್ದು ಮುರಿದರೆ ನನ್ನದು.

ಆ ದಿನಗಳು ಹೇಗೆ ಕಳೆದವೋ. ಪಾಠದ ಮಕ್ಕಳಿಗೆ ರಜೆ ಕೊಟ್ಟೆ. ಅಡುಗೆ ಮಾಡುವಾಗ ಗುನುಗು ತಾನಾಗಿ ಬಾಯಿಗೆ ಬರುತ್ತಿತ್ತು, ತಟ್ಟನೆ ನಿಲ್ಲಿಸುತ್ತಿದ್ದೆ. ಹಾಡದ ಮನೆ ಇಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ಆಪರೇಷನ್ ಆದ ಮೇಲೆ ಅವರು ಬಾರದೆ ಹೋಗಿದ್ದರೆ ಇಷ್ಟೂ ವರ್ಷ ಹೀಗೇ ಇರುತ್ತಿದ್ದೆನಲ್ಲ ಎಂದು ಹೊಳೆದಾಗ ನಿಜವಾಗಿ ಹೆದರಿಕೆಯಾಯಿತು.

ಪ್ರಾರ್ಥನೆಯ ದಿನ ಚರ್ಚು ತುಂಬಿತ್ತು. ಅವರ ಶಿಷ್ಯರು, ಅವರ ಜೊತೆ ಪಿಟೀಲು ನುಡಿಸಿ ಈಗ ದೊಡ್ಡವರಾದ ಮಕ್ಕಳು, ಗಾಯಕರ ತಂಡ. ಒಬ್ಬೊಬ್ಬರು ಎದ್ದು ಮಾತಾಡಿದರು. ಅವರು ಹೇಳುತ್ತಿದ್ದ ಮಹಾ ಕಲಾವಿದ ನನಗೆ ಅರ್ಧ ಅಪರಿಚಿತ. ಆರ್ಗನ್ ಮುಚ್ಚಿತ್ತು. ಅದರ ಬೆಂಚಿನ ಮೇಲೆ ಆ ತೆಳು ಅಡಿಯ ಶೂಗಳನ್ನು ಜೋಡಿಸಿಟ್ಟಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಮುಂದೆ ಒಂದು ಪಕ್ಕದಲ್ಲಿ ದೀಪಾ ಮತ್ತು ಶ್ರೀಧರ ಹಾಡಿಲ್ಲದೆ ಬರಿ ವಾದ್ಯ ನುಡಿಸಲು ತಯಾರಾಗಿದ್ದರು.

ಗ್ರೇಸಮ್ಮ ಮೆಲ್ಲಗೆ ನಡೆದು ಬಂದು ನನ್ನ ಮಡಿಲಲ್ಲಿ ಒಂದು ಬಟ್ಟೆಯ ಗಂಟು ಇಟ್ಟರು. ನನ್ನ ಶ್ರುತಿ ಪೆಟ್ಟಿಗೆ.

“ನಿಮ್ಮದು ನಿಮ್ಮ ಹತ್ರ ಇರಲಿ ಅಕ್ಕ. ಸರ್ವೀಸ್ ಮುಗಿದಿದೆ, ಕೊಟ್ಟು ಬರ್ಬೇಕು ಅಂತಿದ್ರು,” ಎಂದರು.

ಅಷ್ಟು ಹೇಳಿ ಮುಂದೆ ಹೋಗಿ ಕೂತರು. ಹಾಡಿ ಎಂದು ಕೇಳಲಿಲ್ಲ. ಬಟ್ಟೆ ಬಿಚ್ಚಿದೆ. ದೂಳು ಒರೆಸಿ ಹೊಳೆಯುವ ಹಾಗೆ ಮಾಡಿದ್ದರು. ಗುಂಡಿ ಐದೂವರೆಯಲ್ಲಿ ನಿಂತಿತ್ತು. ನನಗೆ ಏನಾಯಿತೋ, ಎದ್ದು ಆ ಉದ್ದದ ನಡುದಾರಿಯಲ್ಲಿ ನಡೆದು ಹೋಗಿ ಶ್ರೀಧರನ ಪಕ್ಕ ಕೂತೆ. ಪೆಟ್ಟಿಗೆಯನ್ನು ಮುಂದಿಟ್ಟು ಸ್ವಿಚ್ ಹಾಕಿದೆ. ಶ್ರುತಿ ಮೊಳಗಿತು. ದೀಪಾ ಕೀಬೋರ್ಡಿನಲ್ಲಿ ಮನೆ ಹುಡುಕಿದಳು, ಮತ್ತೊಮ್ಮೆ ಹುಡುಕಿದಳು. ಆಮೇಲೆ ನನ್ನ ಕಡೆ ಬಾಗಿದಳು.

“ಮೇಡಂ, ನಾಲ್ಕೂವರೆ ಇರುತ್ತೆ ಅಂದಿದ್ರು ಶ್ರೀಧರಣ್ಣ. ಇದು ನಾಲ್ಕು ಬರ್ತಿದೆ.”

ನಾಲ್ಕು! ಶ್ರೀಧರನನ್ನು ನೋಡಿದೆ. ಅವನಿಗೂ ಗೊತ್ತಿರಲಿಲ್ಲ, ಬಾಯಿ ಬಿಟ್ಟುಕೊಂಡು ಪೆಟ್ಟಿಗೆಯನ್ನೇ ನೋಡುತ್ತಿದ್ದ. ಹೋದ ಕಾರ್ಯಕ್ರಮದಲ್ಲಿ ನನ್ನ ಉಸಿರಿನಲ್ಲಿ ಅವರಿಗೆ ಏನು ಕೇಳಿಸಿತೋ, ನನಗೇ ಇನ್ನೂ ತಿಳಿಯದ್ದನ್ನು ತಿಳಿದು ಇನ್ನರ್ಧ ಮನೆ ಇಳಿಸಿಟ್ಟು ಹೋಗಿದ್ದರು. ತಮ್ಮ ಎದೆ ನಿಲ್ಲುವುದು ಅವರಿಗೆ ಕೇಳಿಸಲಿಲ್ಲ, ನನ್ನ ಗಂಟಲು ದಣಿಯುವುದು ಕೇಳಿಸಿತ್ತು. ನನಗೆ ಅಳು ಒತ್ತರಿಸಿ ಬಂತು, ಕೋಪವೂ ಬಂತು. ಯಾರನ್ನು ಬೈಯಲಿ? ಬೆಂಚಿನ ಮೇಲೆ ಬರಿ ಶೂಗಳು.

“ಯಾವುದು ಕೊಡ್ಲಿ ಮೇಡಂ?” ದೀಪಾ ಮತ್ತೆ ಕೇಳಿದಳು.

ಮೈಕು ಆನ್ ಆಗಿತ್ತು. ಕೇಳಿಸಿದರೆ ಎಲ್ಲರಿಗೂ ಕೇಳಿಸಲಿ ಎನಿಸಿತು.

“ಐದೂವರೆ ಕೊಡಮ್ಮ,” ಎಂದೆ. “ಈ ಪೆಟ್ಟಿಗೆಯ ಐದೂವರೆ.”

ಶ್ರೀಧರ ಸುತ್ತಿಗೆ ತೆಗೆದುಕೊಂಡು ತಬಲಾ ಇಳಿಸಿದ. ದೀಪಾ ನಾಲ್ಕು ಕೊಟ್ಟಳು. ಚರಣದ ಮೇಲಿನ ಷಡ್ಜ ಅಡ್ಡಿಯಿಲ್ಲದೆ ಬಂತು.